ಬೆಂಕಿ ಆರಿಸುವ ಸಿಲಿಂಡರ್ ಕೊನೆಗೆ, ಅದಕ್ಕೂ ಮೊದಲು ಇಷ್ಟು ಕೆಲಸ: ಗ್ಯಾರೇಜು, ಗಿರಣಿ, ಹೋಟೆಲಿನವರಿಗೆ

ಕೆಲಸದ ಜಾಗದಲ್ಲಿ ಬೆಂಕಿ ಭದ್ರತೆ ಅಂದ ಕೂಡಲೇ ಬಹಳ ಜನ ಗೋಡೆ ಕಡೆ ಕೈ ತೋರಿಸುತ್ತಾರೆ. ಅಲ್ಲೊಂದು ಕೆಂಪು ಸಿಲಿಂಡರ್ ನೇತಾಡುತ್ತಿರುತ್ತದೆ, ಅದರ ಮೇಲೆ ಧೂಳು ಕೂತಿರುತ್ತದೆ. ಅದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಪೆಟ್ರೋಲ್ ಆವಿಯೋ, ಗ್ಯಾಸೋ, ಜೋಳದ ಹಿಟ್ಟಿನ ಧೂಳೋ ಹತ್ತಿಕೊಂಡು ಸಿಡಿದರೆ ಆ ಸಿಲಿಂಡರ್ ಹತ್ತಿರ ಓಡುವಷ್ಟು ಹೊತ್ತೂ ಸಿಗುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಅದು ಕೊನೆಗೆ ಬರುತ್ತದೆ.

ಇದು ಯಾರಿಗೆ ಅಂದರೆ, ದಾವಣಗೆರೆ ಪಿ.ಬಿ. ರೋಡಿನ ಗ್ಯಾರೇಜಿನವರಿಗೆ, ಬೆಣ್ಣೆ ದೋಸೆ ಹೋಟೆಲ್ ನಡೆಸುವವರಿಗೆ, ಮೆಕ್ಕೆಜೋಳದ ಗೋಡೌನು ಮತ್ತು ಹಿಟ್ಟಿನ ಗಿರಣಿ ಇರುವವರಿಗೆ, ಚಳ್ಳಕೆರೆಯ ಎಣ್ಣೆ ಮಿಲ್ಲಿನವರಿಗೆ, ಚಿತ್ರದುರ್ಗದ ಹೈವೇ ಪಕ್ಕ ತಗಡಿನ ಶೆಡ್ ಹಾಕಿಕೊಂಡು ಲಾರಿಗೆ ಬಣ್ಣ ಹೊಡೆಯುವವರಿಗೆ, ವೆಲ್ಡಿಂಗ್ ಮಾಡುವವರಿಗೆ. ದೊಡ್ಡ ಫ್ಯಾಕ್ಟರಿಗಳಿಗೆ ಸೇಫ್ಟಿ ಆಫೀಸರ್ ಇರುತ್ತಾರೆ. ನಾಲ್ಕೈದು ಜನ ಕೆಲಸ ಮಾಡುವ ಕಡೆ ಮಾಲೀಕನೇ ಎಲ್ಲಾ ಆಗಿರಬೇಕು, ಅಲ್ವಾ?

ಮೊದಲು ಒಂದು ನೋಟ್‌ಬುಕ್ ಹಿಡಿದು ಸುತ್ತಾಡಿ

ಕೆಲಸ ನಡೆಯುತ್ತಿರುವಾಗಲೇ ಸುತ್ತಾಡಿ, ಭಾನುವಾರ ಬಾಗಿಲು ಹಾಕಿದಾಗ ಬೇಡ. ಹತ್ತಿಕೊಳ್ಳುವ ಸಾಮಾನು ಏನಿದೆ, ಎಷ್ಟಿದೆ, ಎಲ್ಲಿದೆ, ಯಾರು ಮುಟ್ಟುತ್ತಾರೆ, ಇಷ್ಟು ಬರೆಯಿರಿ. ಪೆಟ್ರೋಲ್, ಡೀಸೆಲ್, ಥಿನ್ನರ್, ಸ್ಪಿರಿಟ್, ಅಂಟು, ಸ್ಪ್ರೇ ಡಬ್ಬಿ ಎಲ್ಲರಿಗೂ ಹೊಳೆಯುತ್ತವೆ. ಹೊಳೆಯದೇ ಇರುವುದು ಬೇರೆ: ಮೂಲೆಯ ಖಾಲಿ ಡ್ರಮ್ಮುಗಳು, ಎಣ್ಣೆ ಒರೆಸಿ ಗುಡ್ಡೆ ಹಾಕಿದ ಬಟ್ಟೆ, ಚಾರ್ಜ್ ಆಗುತ್ತಿರುವ ಬ್ಯಾಟರಿಗಳು, ಕಾಳು ಮೇಲೆತ್ತುವ ಎಲಿವೇಟರ್ ಒಳಗಿನ ಧೂಳು, ತೊಲೆಯ ಮೇಲೆ ಕೂತ ಹಿಟ್ಟು, ಹತ್ತಿ, ಹಿಂಡಿ, ಕಡಲೆಕಾಯಿ ಸಿಪ್ಪೆ.

ಕೆಮಿಕಲ್ ಕೊಳ್ಳುವವರು ಸಪ್ಲೈಯರ್ ಹತ್ತಿರ ಸೇಫ್ಟಿ ಡೇಟಾ ಶೀಟ್ ಕೇಳಿ. ಅದರಲ್ಲಿ 16 ಭಾಗ ಇರುತ್ತವೆ, ಎಲ್ಲಾ ಓದಿ ತಲೆ ಕೆಡಿಸಿಕೊಳ್ಳಬೇಡಿ. 5ನೇ ಭಾಗದಲ್ಲಿ ಬೆಂಕಿ ಹತ್ತಿದರೆ ಯಾವುದರಿಂದ ಆರಿಸಬೇಕು ಅಂತ ಇರುತ್ತದೆ, 7ರಲ್ಲಿ ಹೇಗೆ ಇಡಬೇಕು, 9ರಲ್ಲಿ ಫ್ಲ್ಯಾಶ್ ಪಾಯಿಂಟ್, 10ರಲ್ಲಿ ಯಾವುದರ ಜೊತೆ ಸೇರಿಸಬಾರದು ಅಂತ. ಈ ನಾಲ್ಕು ಓದಿದರೆ ಸಾಕು. ಶೀಟ್ ಕೊಡೋದಿಲ್ಲ ಅನ್ನುವ ಸಪ್ಲೈಯರ್ ಹತ್ತಿರ ಆ ಸಾಮಾನು ಕೊಳ್ಳಬೇಡಿ.

ಫ್ಲ್ಯಾಶ್ ಪಾಯಿಂಟ್ ಅಂದರೆ, ದ್ರವದಿಂದ ಏಳುವ ಆವಿ ಒಂದು ಕಿಡಿಗೆ ಹತ್ತಿಕೊಳ್ಳುವಷ್ಟಾಗುವ ಅತಿ ಕಡಿಮೆ ಉಷ್ಣಾಂಶ. ಹತ್ತಿಕೊಳ್ಳುವುದು ದ್ರವ ಅಲ್ಲ, ಅದರ ಮೇಲಿನ ಆವಿ. ಪೆಟ್ರೋಲಿನದು ಮೈನಸ್ 40 ಡಿಗ್ರಿ ಆಸುಪಾಸು. ಅಂದರೆ ನಮ್ಮೂರಲ್ಲಿ ಡಿಸೆಂಬರ್ ಬೆಳಗಿನ ಜಾವದಲ್ಲೂ ಅದು ರೆಡಿ. ಥಿನ್ನರಿನಲ್ಲಿ ಇರುವ ಟೊಲ್ವೀನ್‌ಗೆ 4 ಡಿಗ್ರಿ, ಅಸಿಟೋನ್‌ಗೆ ಮೈನಸ್ 20. ಡೀಸೆಲ್ ಹಾಗಲ್ಲ, ಅದಕ್ಕೆ 35ಕ್ಕಿಂತ ಜಾಸ್ತಿ ಬೇಕು. ಅದಕ್ಕೇ ಡೀಸೆಲ್ಲಿಗೆ ಬೇಗ ಹತ್ತೋದಿಲ್ಲ ಅಂತ ಜನ ಧೈರ್ಯವಾಗಿರುತ್ತಾರೆ. ಆದರೆ ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದ ತಗಡಿನ ಶೆಡ್ ಒಳಗೆ ಬಿಸಿಲಿಗೆ ಕಾದ ಡೀಸೆಲ್ ಕ್ಯಾನ್ ಆ ಗಡಿ ದಾಟಿರಬಹುದು.

ಕಡಿಮೆ ಮಾಡಿ, ಆಮೇಲೆ ಬದಲಿಸಿ

ಬ್ರಿಟನ್ನಿನಲ್ಲಿ ಕೆಲಸದ ಜಾಗದ ಇಂಥ ಅಪಾಯಕ್ಕೆಂದೇ 2002ರಲ್ಲಿ ಒಂದು ನಿಯಮ ಮಾಡಿದರು. ಅದರ ಕ್ರಮ ನಮಗೂ ಸರಿಹೊಂದುತ್ತದೆ. ಅಪಾಯದ ವಸ್ತು ಬೇಕೇ ಬೇಕಾ ಅಂತ ಮೊದಲು ಕೇಳಿ. ಬೇಡವಾದರೆ ತೆಗೆಯಿರಿ, ಬೇಕಾದರೆ ಕಡಿಮೆ ಇಡಿ, ಆವಿ ಹೊರಗೆ ಬರದಂತೆ ನೋಡಿ, ಬಂದ ಆವಿ ನಿಲ್ಲದಂತೆ ಮಾಡಿ, ಕಿಡಿ ತಪ್ಪಿಸಿ. ಇಷ್ಟಾದ ಮೇಲೂ ಏನಾದರೂ ಆದರೆ ಜನಕ್ಕೆ ಪೆಟ್ಟಾಗದ ಹಾಗೆ ವ್ಯವಸ್ಥೆ ಮಾಡಿ. ನಾವು ಬಹಳ ಸಲ ಈ ಸಾಲನ್ನು ಹಿಂದಿನಿಂದ ಶುರು ಮಾಡುತ್ತೇವೆ.

ಗ್ಯಾರೇಜಿನಲ್ಲಿ ಪಾರ್ಟ್ಸ್ ತೊಳೆಯೋಕೆ ಪೆಟ್ರೋಲ್ ಬಳಸುವುದು ಎಲ್ಲರಿಗೂ ಗೊತ್ತಿರುವ ವಿಷಯ. ತೆರೆದ ಟ್ರೇ, ಅದರಲ್ಲಿ ಅರ್ಧ ಲೀಟರ್ ಪೆಟ್ರೋಲ್, ಪಕ್ಕದಲ್ಲಿ ಹುಡುಗ ಬ್ರಶ್ ಹಿಡಿದು ಕೂತಿರುತ್ತಾನೆ, ನಾಲ್ಕು ಹೆಜ್ಜೆ ಆಚೆ ಗ್ರೈಂಡಿಂಗ್ ನಡೆಯುತ್ತಿರುತ್ತದೆ. ಇದನ್ನು ಇವತ್ತೇ ನಿಲ್ಲಿಸಬಹುದು. ನೀರು ಬೆರೆಸಿ ಬಳಸುವ ಡಿಗ್ರೀಸರ್ ಸಿಗುತ್ತದೆ. ಸ್ವಲ್ಪ ಜಾಸ್ತಿ ಉಜ್ಜಬೇಕಾಗುತ್ತದೆ, ಅಷ್ಟೇ.

ಕಡಿಮೆ ಇಡೋದಕ್ಕೆ ಕಾನೂನಿನ ಗೆರೆಯೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಪೆಟ್ರೋಲಿನಂಥ ಎ ವರ್ಗದ ದ್ರವವನ್ನು ಮಾರಾಟಕ್ಕಲ್ಲದೆ 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಎಲ್‌ಪಿಜಿ ಆದರೆ 2016ರ ಗ್ಯಾಸ್ ಸಿಲಿಂಡರ್ ನಿಯಮದಂತೆ 100 ಕೆಜಿವರೆಗೆ, ಅಂದರೆ ಹೋಟೆಲಿನ 19 ಕೆಜಿ ಸಿಲಿಂಡರ್ ಐದು. ಆರನೆಯದು ಬಂದರೆ ಲೆಕ್ಕ ದಾಟಿತು. ಹಬ್ಬಕ್ಕೆ ಗಿರಾಕಿ ಜಾಸ್ತಿ ಅಂತ ಸಿಲಿಂಡರ್ ತಂದು ಮೆಟ್ಟಿಲ ಕೆಳಗೆ ಪೇರಿಸುವವರು ಇದನ್ನು ನೆನಪಿಡಿ. ಅದಕ್ಕಿಂತ ಜಾಸ್ತಿ ಬೇಕಾದರೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಇಲಾಖೆಯ ಲೈಸೆನ್ಸ್ ಬೇಕು. ಕ್ವಾರಿ, ಗಣಿಗಳ ಜಿಲೆಟಿನ್ ವಿಷಯ ಪೂರ್ತಿ ಬೇರೆ, ಅದಕ್ಕೆ ಇಂಥ ಲೇಖನ ಓದಿ ಏನೂ ಮಾಡಬೇಡಿ. 2021ರ ಜನವರಿ 21ರ ರಾತ್ರಿ ಪಕ್ಕದ ಶಿವಮೊಗ್ಗದ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕ ಸಿಡಿದು ಏನಾಯಿತು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ದಿನಕ್ಕೆ ಬೇಕಾದಷ್ಟು ಮಾತ್ರ ಕೆಲಸದ ಜಾಗಕ್ಕೆ ತನ್ನಿ, ಉಳಿದದ್ದು ಬೇರೆ ಕೋಣೆಯಲ್ಲಿರಲಿ. ಮುಚ್ಚಳ ಬಿಗಿಯಾಗಿರಲಿ. ನೀರಿನ ಬಾಟಲಿಗೆ ಥಿನ್ನರ್ ಹಾಕಿಡುವ ಅಭ್ಯಾಸ ಬಿಡಿ, ಅದರಿಂದ ಬೆಂಕಿ ಅನಾಹುತವೂ ಆಗುತ್ತದೆ, ಬಾಯಾರಿದವರು ಕುಡಿದೂ ಬಿಡುತ್ತಾರೆ. ಗೋಡೌನಿನಲ್ಲಿ ಯಾವುದರ ಪಕ್ಕ ಯಾವುದು ಅನ್ನುವುದೂ ಮುಖ್ಯ. ಬ್ಲೀಚಿಂಗ್ ಪೌಡರ್ ಪಕ್ಕ ಎಣ್ಣೆ, ಥಿನ್ನರ್ ಬೇಡ. ಆಕ್ಸಿಜನ್ ಸಿಲಿಂಡರನ್ನು ಅಸಿಟಿಲೀನ್, ಎಲ್‌ಪಿಜಿಯಿಂದ 6 ಮೀಟರ್ ದೂರ ಇಡಿ, ಜಾಗ ಇಲ್ಲದಿದ್ದರೆ ಮಧ್ಯೆ ಗೋಡೆ ಇರಲಿ. ಆಕ್ಸಿಜನ್ ರೆಗ್ಯುಲೇಟರಿಗೆ ಗ್ರೀಸ್ ಹಚ್ಚಬಾರದು, ಗ್ರೀಸ್ ಆದ ಕೈಯಲ್ಲಿ ವಾಲ್ವ್ ತಿರುಗಿಸಲೂ ಬಾರದು. ಒತ್ತಡದ ಆಕ್ಸಿಜನ್ ಸಿಕ್ಕರೆ ಗ್ರೀಸಿಗೆ ಕಿಡಿ ಬೇಕಾಗಿಲ್ಲ, ತಾನಾಗೇ ಹತ್ತುತ್ತದೆ.

ಆವಿ ಎಲ್ಲಿಗೆ ಹೋಗುತ್ತೆ ನೋಡಿ

ಗಾಳಿ ಆಡುತ್ತೆ ಬಿಡಿ, ಮೇಲೆ ಎಕ್ಸಾಸ್ಟ್ ಫ್ಯಾನ್ ಇದೆ ಅನ್ನುತ್ತಾರೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ತೂಕ. ಪೆಟ್ರೋಲ್, ಥಿನ್ನರ್ ಆವಿಯೂ ಭಾರ. ಇವೆಲ್ಲ ನೆಲಕ್ಕೆ ಅಂಟಿಕೊಂಡು ಹರಿಯುತ್ತವೆ, ಚರಂಡಿಗೆ ಇಳಿಯುತ್ತವೆ, ಗ್ಯಾರೇಜಿನ ಗುಂಡಿಯಲ್ಲಿ ನಿಲ್ಲುತ್ತವೆ, ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೂ ಹೋಗುತ್ತವೆ. ಕಿಡಿ ಆ ಕಡೆ ಇದ್ದರೂ ಬೆಂಕಿ ಇಲ್ಲಿಗೆ ವಾಪಸ್ ಓಡಿ ಬರುತ್ತದೆ. ಆದ್ದರಿಂದ ನೆಲದ ಮಟ್ಟದಲ್ಲೇ ಜಾಲರಿ, ಕಿಂಡಿ ಬೇಕು. ಸಿಲಿಂಡರ್ ನೆಲಮಾಳಿಗೆಯಲ್ಲಿ ಇಡಲೇಬಾರದು. ಹೋಟೆಲಿನವರು ಸಿಲಿಂಡರ್ ಹೊರಗೆ, ಗಾಳಿ ಆಡುವ ಕಡೆ ನಿಲ್ಲಿಸಿ ಪೈಪಿನಲ್ಲಿ ಒಳಗೆ ತರುವುದು ಒಳ್ಳೆಯದು. ಖರ್ಚು ಒಂದು ಸಲ.

ಬ್ಯಾಟರಿ ಕಥೆ ಉಲ್ಟಾ. ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಹಗುರ, ಛಾವಣಿಗೆ ಏರುತ್ತದೆ. ಗಾಳಿಯಲ್ಲಿ ಅದು ಶೇ. 4 ಆದರೆ ಸಾಕು ಹತ್ತಿಕೊಳ್ಳೋಕೆ. ಅಲ್ಲಿ ಕಿಂಡಿ ಮೇಲೆ ಬೇಕು.

ಗ್ಯಾಸ್ ವಾಸನೆ ಬಂದರೆ ಏನು ಮಾಡಬೇಕು ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆದು ಹಾಕಿ. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತಲೇ ಗಬ್ಬು ವಾಸನೆಯ ಮರ್ಕ್ಯಾಪ್ಟನ್ ಸೇರಿಸುತ್ತಾರೆ. ವಾಸನೆ ಬಂದಾಗ ಒಲೆ ಆರಿಸಿ, ವಾಲ್ವ್ ಮುಚ್ಚಿ, ಬಾಗಿಲು ಕಿಟಕಿ ತೆಗೆಯಿರಿ, ಹೊರಗೆ ಹೋಗಿ. ಲೈಟ್ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಬಹಳ ಜನ ಗ್ಯಾಸ್ ಹೊರಗೆ ಹೋಗಲಿ ಅಂತ ಎಕ್ಸಾಸ್ಟ್ ಫ್ಯಾನ್ ಹಾಕುತ್ತಾರೆ, ಆ ಸ್ವಿಚ್ಚಿನ ಕಿಡಿಯೇ ಸಾಕು. ಗಾಳಿಯಲ್ಲಿ ಶೇ. 2ರ ಸುಮಾರು ಗ್ಯಾಸ್ ಸೇರಿದರೆ ಸಿಡಿಯುತ್ತದೆ. ಹೊರಗೆ ದೂರ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಸೋರಿಕೆ ಹುಡುಕೋದಕ್ಕೆ ಸೋಪಿನ ನೀರು ಬಳಸಿ. ಬೆಂಕಿಕಡ್ಡಿ ಗೀರಿ ನೋಡುವ ಶೂರರು ಇನ್ನೂ ಇದ್ದಾರೆ, ಅವರನ್ನು ಅಡುಗೆಮನೆಯಿಂದ ಹೊರಗಿಡಿ.

ಕಿಡಿ ಎಲ್ಲೆಲ್ಲಿಂದ ಬರುತ್ತೆ

ಬೀಡಿ, ಸಿಗರೇಟು, ಬೆಂಕಿಕಡ್ಡಿ ಸರಿ. ದೀಪ, ಊದಿನಕಡ್ಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ದೇವರ ಫೋಟೋಗೆ ಪೂಜೆ ಆಗಬೇಕು, ರಾತ್ರಿ ಪೂರ್ತಿ ಮುಚ್ಚಿದ ಶೆಡ್ಡಿನಲ್ಲಿ ಆವಿ ತುಂಬಿರುವುದೂ ಆಗಲೇ. ಷಟರ್ ಎತ್ತಿ, ಹತ್ತು ಹದಿನೈದು ನಿಮಿಷ ಗಾಳಿ ಆಡಲು ಬಿಟ್ಟು, ಆಮೇಲೆ ದೀಪ ಹಚ್ಚಿ. ದೇವರ ಗೂಡನ್ನು ಪೇಂಟ್ ಕೋಣೆಯಿಂದ ಆಚೆ ಇಟ್ಟರೆ ಇನ್ನೂ ಒಳ್ಳೆಯದು.

ಥಿನ್ನರ್ ಕೋಣೆ, ಸ್ಪ್ರೇ ಪೇಂಟಿಂಗ್ ಜಾಗದಲ್ಲಿ ಮಾಮೂಲಿ ಸ್ವಿಚ್ಚು, ಫ್ಯಾನು, ಟ್ಯೂಬ್‌ಲೈಟ್ ನಡೆಯುವುದಿಲ್ಲ, ಒಳಗಿನ ಕಿಡಿ ಹೊರಗಿನ ಆವಿಗೆ ತಾಗದಂತೆ ಮಾಡಿದ ಫ್ಲೇಮ್‌ಪ್ರೂಫ್ ಬೇಕು. ರೇಟು ಜಾಸ್ತಿ, ನಿಜ. ಅದಕ್ಕೆ ದಾರಿ ಏನೆಂದರೆ ಸ್ವಿಚ್ಚು, ಬೋರ್ಡು ಎಲ್ಲವನ್ನೂ ಕೋಣೆಯ ಹೊರಗೆ ತಂದುಬಿಡಿ, ಒಳಗೆ ಬೇಕೇ ಬೇಕಾದ ಒಂದೆರಡು ಮಾತ್ರ ಫ್ಲೇಮ್‌ಪ್ರೂಫ್ ಹಾಕಿಸಿ. ಕೊಳ್ಳುವಾಗ ಪೆಸೊ ಒಪ್ಪಿಗೆ ಇದೆಯಾ ಅಂತ ಪ್ಲೇಟ್ ನೋಡಿ. ಮೊಬೈಲು, ಚಾರ್ಜರು ಹೊರಗೆ.

ಸ್ಟ್ಯಾಟಿಕ್ ಕರೆಂಟ್ ಬಗ್ಗೆ ಹೇಳಿದರೆ ನಗುತ್ತಾರೆ. ಡ್ರಮ್ಮಿನಿಂದ ಪ್ಲಾಸ್ಟಿಕ್ ಬಕೆಟ್ಟಿಗೆ ಥಿನ್ನರ್ ಸುರಿಯುವಾಗ ದ್ರವ ಹರಿದೇ ಚಾರ್ಜ್ ಹುಟ್ಟುತ್ತದೆ, ಒಣ ಹವೆಯಲ್ಲಿ ಅದು ಬೇಗ ಇಳಿಯುವುದಿಲ್ಲ. ನಮ್ಮ ಬಯಲುಸೀಮೆ ಬೇಸಿಗೆಯ ಹವೆ ಹೇಗೆ ಅಂತ ಗೊತ್ತಲ್ಲ. ಲೋಹದ ಕ್ಯಾನ್ ಬಳಸಿ, ಡ್ರಮ್ಮಿಗೂ ಕ್ಯಾನಿಗೂ ಒಂದು ವೈರಿನ ಕ್ಲಿಪ್ ಹಾಕಿ, ಡ್ರಮ್ಮಿಗೆ ಅರ್ತಿಂಗ್ ಕೊಡಿ, ನಿಧಾನ ಸುರಿಯಿರಿ.

ಎಣ್ಣೆ ಬಟ್ಟೆಯ ಗುಡ್ಡೆಗೆ ಹೊರಗಿನ ಕಿಡಿ ಬೇಡ. ಅಗಸೆ ಎಣ್ಣೆ ಇರುವ ಪಾಲಿಶ್ ಒರೆಸಿದ ಬಟ್ಟೆ ಒಳಗೊಳಗೇ ಕಾದು ರಾತ್ರಿ ಹೊತ್ತಿಕೊಳ್ಳುತ್ತದೆ. ಮುಚ್ಚಳ ಇರುವ ಲೋಹದ ಡಬ್ಬಿಗೆ ಹಾಕಿ, ದಿನಾ ಸಂಜೆ ಹೊರಗೆ ಸಾಗಿಸಿ.

ಖಾಲಿ ಡ್ರಮ್

ಇದನ್ನು ಬೇರೆಯಾಗಿ ಬರೆಯಲೇಬೇಕು. ತುಂಬಿದ ಡ್ರಮ್ಮಿಗೆ ಎಲ್ಲರೂ ಹೆದರುತ್ತಾರೆ, ಖಾಲಿ ಡ್ರಮ್ಮಿನ ಮೇಲೆ ಕೂತು ಟೀ ಕುಡಿಯುತ್ತಾರೆ. ತುಂಬಿದ್ದರಲ್ಲಿ ಗಾಳಿಗೆ ಜಾಗ ಇಲ್ಲ. ಖಾಲಿಯಲ್ಲಿ ಆವಿಯೂ ಇದೆ, ಗಾಳಿಯೂ ಇದೆ, ಸುತ್ತ ಗಟ್ಟಿ ತಗಡೂ ಇದೆ. 200 ಲೀಟರ್ ಡ್ರಮ್ಮಿನ ಒಳಗಿನ ಗಾಳಿಯನ್ನು ಸಿಡಿಯುವ ಮಿಶ್ರಣ ಮಾಡೋಕೆ ಒಂದೆರಡು ದೊಡ್ಡ ಚಮಚ ಪೆಟ್ರೋಲ್ ಸಾಕು, ಅಷ್ಟು ತಳದಲ್ಲಿ, ತಗಡಿನ ಮಡಿಕೆಯಲ್ಲಿ ಯಾವಾಗಲೂ ಉಳಿದಿರುತ್ತದೆ. ಅದಕ್ಕೆ ಗ್ಯಾಸ್ ಕಟರ್ ಹಿಡಿದರೆ ಮುಚ್ಚಳ ಕತ್ತರಿಸುತ್ತಿರುವವನ ಮುಖಕ್ಕೇ ಹಾರುತ್ತದೆ. ಡೀಸೆಲ್ ಡ್ರಮ್, ಹಳೇ ಆಯಿಲ್ ಡ್ರಮ್ ಆದರೆ ಪರವಾಗಿಲ್ಲ ಅನ್ನಬೇಡಿ. ತಣ್ಣಗಿದ್ದಾಗ ಆವಿ ಇಲ್ಲದಿರಬಹುದು, ಗ್ಯಾಸ್ ಕಟರಿನ ಬಿಸಿಯೇ ಉಳಿದ ಎಣ್ಣೆಯನ್ನು ಆವಿ ಮಾಡುತ್ತದೆ.

1948ರ ಕಾರ್ಖಾನೆ ಕಾಯ್ದೆಯ 37ನೇ ಸೆಕ್ಷನ್ನಿನಲ್ಲೇ ಇದನ್ನು ಬರೆದಿದ್ದರು: ಹತ್ತಿಕೊಳ್ಳುವ ವಸ್ತು ಇದ್ದ ಟ್ಯಾಂಕನ್ನು ಅದರ ಉಳಿಕೆ, ಆವಿ ತೆಗೆಯದೆ ವೆಲ್ಡಿಂಗ್, ಕಟಿಂಗ್ ಮಾಡಬಾರದು. ನೀರು ಹಾಕಿ ಒಂದು ಸಲ ಕುಲುಕಿದರೆ ಆವಿ ಹೋಗುವುದಿಲ್ಲ. ಟ್ಯಾಂಕರ್ ಲಾರಿ ರಿಪೇರಿಗೆ ಬಂದರೆ ತೊಳೆದು, ಸ್ಟೀಮ್ ಹಾಯಿಸಿ, ಗ್ಯಾಸ್ ಮೀಟರಿನಲ್ಲಿ ಅಳೆದು ನೋಡುವವರ ಕೈಗೆ ಕೊಡಿ, ಮೀಟರ್ ಇಲ್ಲದ ಕಡೆ ಆ ಕೆಲಸ ಒಪ್ಪಿಕೊಳ್ಳಬೇಡಿ. ಬೇರೆ ಅಂಗಡಿಗೆ ಹೋದರೆ ಹೋಗಲಿ. ನೀರು ತುಂಬಿಡೋಕೆ, ಕಾಳು ಹಾಕಿಡೋಕೆ ಡ್ರಮ್ ಬೇಕಾದರೆ ಮೊದಲೇ ಬಾಯಿ ತೆರೆದಿರುವ ಹೊಸ ಡ್ರಮ್ ಕೊಳ್ಳಿ.

ಬೇರೆ ವೆಲ್ಡಿಂಗ್ ಕೆಲಸಕ್ಕೆ ಒಂದು ಚೀಟಿ ಪದ್ಧತಿ ಮಾಡಿಕೊಳ್ಳಿ. ಎಲ್ಲಿ, ಯಾವಾಗ, ಯಾರು, ಸುತ್ತ ಏನಿದೆ ಅಂತ ಬರೆದು ಮಾಲೀಕ ಸಹಿ ಹಾಕಿದ ಮೇಲೇ ಹೋಲ್ಡರ್ ಮುಟ್ಟಬೇಕು. ವೆಲ್ಡಿಂಗ್ ಕಿಡಿ 11 ಮೀಟರ್‌ವರೆಗೆ ಹಾರಬಹುದು ಅಂತ ಲೆಕ್ಕ ಇಟ್ಟುಕೊಂಡು ಅಷ್ಟು ಜಾಗ ಖಾಲಿ ಮಾಡಿ. ಆಗದಿದ್ದರೆ ಬೆಂಕಿ ತಡೆಯುವ ಹೊದಿಕೆ ಹಾಕಿ. ಕೆಲಸ ಮುಗಿದ ಮೇಲೆ ಒಂದು ಗಂಟೆ ಒಬ್ಬರು ಅಲ್ಲೇ ಇರಬೇಕು. ಸಂಜೆ ಐದೂವರೆಗೆ ವೆಲ್ಡಿಂಗ್ ಮುಗಿಸಿ ಆರಕ್ಕೆ ಬೀಗ ಹಾಕುವುದು ಬೇಡ.

ಧೂಳನ್ನು ಕಸ ಅಂದುಕೊಳ್ಳಬೇಡಿ

ಮೆಕ್ಕೆಜೋಳ, ಅಕ್ಕಿ, ಗೋಧಿ, ಸ್ಟಾರ್ಚ್, ಅರಿಶಿನ, ಸಕ್ಕರೆ, ಇವೆಲ್ಲ ಮೂಟೆಯಲ್ಲಿ ಸುಮ್ಮನೆ ಇರುತ್ತವೆ. ಇವುಗಳ ಸಣ್ಣ ಧೂಳು ಗಾಳಿಯಲ್ಲಿ ಮೋಡದಂತೆ ಎದ್ದು, ಮುಚ್ಚಿದ ಜಾಗದಲ್ಲಿ ಕಿಡಿ ಸಿಕ್ಕರೆ ಸಿಡಿಯುತ್ತದೆ. ಒಂದು ಘನ ಮೀಟರ್ ಗಾಳಿಗೆ ಕೆಲವು ಹತ್ತು ಗ್ರಾಂ ಧೂಳು ಸಾಕು. ಅದು ದಟ್ಟವಾದ ಮೋಡವೇ ಆಗಿರುತ್ತದೆ, ಜನ ನಿಂತು ಕೆಲಸ ಮಾಡುವ ಕಡೆ ಅಷ್ಟು ಇರುವುದಿಲ್ಲ. ಅದು ಇರುವುದು ಎಲಿವೇಟರ್, ಹಾಪರ್, ಡಕ್ಟ್ ಒಳಗೆ, ನಮ್ಮ ಕಣ್ಣಿಗೆ ಬೀಳದ ಕಡೆ.

ಮೊದಲ ಸಿಡಿತ ಸಾಮಾನ್ಯವಾಗಿ ಚಿಕ್ಕದು. ಅದರ ಗಾಳಿಗೆ ತೊಲೆ, ಪೈಪು, ಬೀಮಿನ ಮೇಲೆ ವರ್ಷಗಟ್ಟಲೆ ಕೂತ ಧೂಳೆಲ್ಲ ಎದ್ದು ಇಡೀ ಕಟ್ಟಡ ತುಂಬುತ್ತದೆ, ಎರಡನೆಯದು ಕಟ್ಟಡವನ್ನೇ ಎತ್ತುತ್ತದೆ. 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಹೀಗೇ ಆಗಿ 14 ಜನ ಸತ್ತರು. ಶುರುವಾದದ್ದು ಒಂದು ಕನ್ವೇಯರ್ ಬೆಲ್ಟಿನಲ್ಲಿ. ಸಕ್ಕರೆ ಶುದ್ಧವಾಗಿರಲಿ ಅಂತ ಆ ಬೆಲ್ಟನ್ನು ಉಕ್ಕಿನ ತಗಡಿನಿಂದ ಮುಚ್ಚಿದ್ದರು, ಅದರೊಳಗೆ ಧೂಳು ತುಂಬಿತ್ತು. ಬಿಸಿಯಾದ ಬೇರಿಂಗ್ ಕಾರಣ ಇರಬಹುದು ಅಂತ ತನಿಖೆ ಮಾಡಿದವರು ಹೇಳಿದರು. ಬರೀ ಸಕ್ಕರೆ!

ಆದ್ದರಿಂದ ಗಿರಣಿಯಲ್ಲಿ ಕೆಲಸ ಮೇಲಿನಿಂದ ಶುರುವಾಗಲಿ. ಏಣಿ ಹಾಕಿ ತೊಲೆ ಮೇಲೆ ಬೆರಳಿಟ್ಟು ನೋಡಿ. ಒಂದು ಮಿಲಿಮೀಟರ್‌ಗೆ ಹತ್ತಿರ ಧೂಳು ಕೂತಿದ್ದರೆ, ಕೆಳಗಿನ ಬಣ್ಣ ಕಾಣದಿದ್ದರೆ, ಆಗಲೇ ತೆಗೆಯಿಸಿ. ಹೇಗೆ ತೆಗೆಯುತ್ತೀರಿ ಅನ್ನುವುದು ದೊಡ್ಡ ವಿಷಯ. ಕಂಪ್ರೆಸರ್ ಗಾಳಿಯಲ್ಲಿ ಊದಿದರೆ ನೀವೇ ಆ ಮೋಡ ಎಬ್ಬಿಸಿದ ಹಾಗೆ. ಮಾಮೂಲಿ ವ್ಯಾಕ್ಯೂಮ್ ಬೇಡ, ಅದರ ಮೋಟಾರಿನಲ್ಲೇ ಕಿಡಿ ಇರುತ್ತದೆ, ಧೂಳಿಗೆಂದೇ ಮಾಡಿದ್ದು ಬಾಡಿಗೆಗೆ ತನ್ನಿ. ಅದು ಸಿಗದಿದ್ದರೆ ಮಿಶಿನ್ ನಿಲ್ಲಿಸಿ, ಕರೆಂಟ್ ತೆಗೆದು, ಮೆತ್ತನೆ ಬ್ರಶ್ಶಿನಿಂದ ನಿಧಾನ ಬಳಿದು ಚೀಲಕ್ಕೆ ಹಾಕಿ.

ಆಮೇಲೆ ಬೇರಿಂಗ್. ಗ್ರೀಸ್ ಒಣಗಿ ಕೂಗುವ ಬೇರಿಂಗನ್ನು ಹಮಾಲರು, ಆಪರೇಟರ್‌ಗಳು ಬಹಳ ಮೊದಲೇ ಗುರುತಿಸಿರುತ್ತಾರೆ, ಹೇಳಿದರೆ ಸಾಹುಕಾರ್ರು ಮಿಶಿನ್ ನಿಲ್ಲಿಸೋದಿಲ್ಲ ಅಂತ ಸುಮ್ಮನಿರುತ್ತಾರೆ. ಸೀಜನ್ನಿನಲ್ಲಿ, ಹೊರಗೆ ಜೋಳದ ಟ್ರ್ಯಾಕ್ಟರ್ ಸಾಲು ನಿಂತಿರುವಾಗ ನಿಲ್ಲಿಸುವುದು ಕಷ್ಟ, ಒಪ್ಪುತ್ತೇನೆ. ಆದರೆ ಹೇಳಿದವನಿಗೆ ಬೈಯಬೇಡಿ, ಅಷ್ಟಾದರೂ ಮಾಡಿ. ಬೆಲ್ಟ್ ಒಂದು ಕಡೆ ಸರಿದು ಉಜ್ಜುತ್ತಿದೆಯಾ ನೋಡಿ. ಹಾಪರ್ ಬಾಯಿಗೆ ಆಯಸ್ಕಾಂತ, ಜಾಲರಿ ಹಾಕಿಸಿ, ಜೋಳದ ಜೊತೆ ಬರುವ ಬೋಲ್ಟು, ಮೊಳೆ, ಕಲ್ಲು ಒಳಗೆ ಬಡಿದು ಕಿಡಿ ಬರಬಾರದು. ದೊಡ್ಡ ಎಲಿವೇಟರ್, ಸೈಲೋ ಇದ್ದರೆ ಸಿಡಿತದ ಒತ್ತಡ ಜನ ಇಲ್ಲದ ಕಡೆಗೆ ಹೋಗುವ ಹಾಗೆ ವೆಂಟ್ ಬೇಕು, ಇದನ್ನು ಲೋಕಲ್ ಫ್ಯಾಬ್ರಿಕೇಟರ್ ಅಂದಾಜಿನಲ್ಲಿ ಮಾಡುವುದು ಬೇಡ, ಇಂಜಿನಿಯರ್ ಲೆಕ್ಕ ಹಾಕಲಿ.

ಹತ್ತಿಯದು ಇನ್ನೊಂದು ಥರ. ಬೀಜ ಬಿಡಿಸುವ ಜಿನ್ನಿಂಗಿನಲ್ಲಿ ಕಲ್ಲೋ ಕಬ್ಬಿಣವೋ ಬಡಿದ ಕಿಡಿ, ಒತ್ತಿ ಕಟ್ಟಿದ ಹತ್ತಿಯ ಬೇಲ್ ಒಳಗೆ ಸೇರಿದರೆ ಒಳಗೊಳಗೇ ಬೇಯುತ್ತಾ ದಿನ ಕಳೆದ ಮೇಲೆ ಹೊರಗೆ ಕಾಣುತ್ತದೆ. ಅನುಮಾನ ಬಂದ ಬೇಲನ್ನು ಗೋಡೌನಿಗೆ ಹಾಕದೆ ಹೊರಗೆ ಬಯಲಲ್ಲಿ ಬೇರೆ ಇಡಿ. 1944ರ ಏಪ್ರಿಲ್ 14ರಂದು ಬಾಂಬೆ ಬಂದರಿನಲ್ಲಿ ಸಿಡಿದ ಹಡಗಿನಲ್ಲಿ ಮದ್ದುಗುಂಡಿನ ಜೊತೆಗೇ ಹತ್ತಿ ಬೇಲುಗಳೂ ಇದ್ದವು. ಆ ದಿನದ ನೆನಪಿಗೇ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆ ವಾರ ಅಗ್ನಿಶಾಮಕದವರು ಡೆಮೊ ಮಾಡುತ್ತಿರುತ್ತಾರೆ, ನಿಮ್ಮ ಜನರನ್ನೂ ಕಳಿಸಿ.

ಈಗ ಆ ಕೆಂಪು ಸಿಲಿಂಡರ್

ಮಾಮೂಲಿ ಕಡೆಗೆ ಎಬಿಸಿ ಪೌಡರ್, ಕರೆಂಟ್ ಬೋರ್ಡಿಗೆ ಸಿಒ2, ದ್ರವ ಜಾಸ್ತಿ ಇರುವ ಕಡೆ ಫೋಮ್. ಬೋಂಡಾ ಬಾಣಲೆಯ ಎಣ್ಣೆ ಹತ್ತಿದರೆ ನೀರು ಹಾಕಲೇಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಿ. ಎಕ್ಸ್‌ಟಿಂಗ್ವಿಷರ್ ಬಾಗಿಲ ಹತ್ತಿರ ಇರಲಿ, ಥಿನ್ನರ್ ರ‍್ಯಾಕಿನ ಹಿಂದೆ ಬೇಡ. ತಿಂಗಳಿಗೊಮ್ಮೆ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಸಣ್ಣ ಸಿಲಿಂಡರ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಖಾಲಿ, ಆದ್ದರಿಂದ ಪಿನ್ ತೆಗೆದು, ಬೆಂಕಿಯ ಬುಡಕ್ಕೆ ಹಿಡಿದು, ಆ ಕಡೆ ಈ ಕಡೆ ಆಡಿಸಬೇಕು ಅಂತ ಪ್ರತಿಯೊಬ್ಬರೂ ಒಂದು ಸಲವಾದರೂ ಮಾಡಿ ನೋಡಿರಬೇಕು. ಧೂಳಿನ ಗುಡ್ಡೆಗೆ ಜೋರಾಗಿ ಹೊಡೆದರೆ ಧೂಳು ಏಳುತ್ತದೆ, ಅಲ್ಲಿ ಹುಷಾರು.

ಗ್ಯಾಸ್ ಪೈಪಿನ ಬಾಯಲ್ಲಿ ಬೆಂಕಿ ಉರಿಯುತ್ತಿದ್ದರೆ ಅದನ್ನು ಆರಿಸೋಕೆ ಆತುರ ಬೇಡ. ಜ್ವಾಲೆ ಆರಿ ಗ್ಯಾಸ್ ಬರುತ್ತಲೇ ಇದ್ದರೆ ಅದು ಕೋಣೆ ತುಂಬಿ ಆಮೇಲೆ ಸಿಡಿಯುತ್ತದೆ, ಅದು ಇನ್ನೂ ಕೆಟ್ಟದು. ವಾಲ್ವಿಗೆ ಕೈ ಎಟುಕಿದರೆ ಮುಚ್ಚಿ, ಎಟುಕದಿದ್ದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 101ಕ್ಕೋ 112ಕ್ಕೋ ಹೇಳಿ. ಒಳಗೆ ಏನು ಸಾಮಾನು, ಎಷ್ಟು, ಎಲ್ಲಿದೆ ಅಂತ ಬಂದ ಅಗ್ನಿಶಾಮಕದವರಿಗೆ ಗೇಟಿನಲ್ಲೇ ಹೇಳಬೇಕು, ಹಾಗಾಗಿ ಆ ನೋಟ್‌ಬುಕ್ಕಿನ ಒಂದು ಜೆರಾಕ್ಸ್ ವಾಚ್‌ಮನ್ ಹತ್ತಿರ ಇರಲಿ, ಸಾಮಾನು ಬದಲಾದಾಗ ಅದನ್ನೂ ಬದಲಿಸಿ.